ನಮಸ್ಕಾರ ಮಾಡಿದ ಕಾರ್ಡು

ದಿನಪತ್ರಿಕೆಯಿಂದ ಬೇಕಾದ ಸುದ್ದಿಯೊಂದನ್ನು ಕತ್ತರಿಯಿಲ್ಲದೆ ಹರಿದು ತೆಗೆಯಲು ಹೋದವರಿಗೆ ಈ ಅನುಭವ ಆಗಿಯೇ ಇರುತ್ತದೆ. ಮೇಲಿನಿಂದ ಕೆಳಕ್ಕೆ ಹರಿದರೆ ಸ್ಕೇಲು ಇಟ್ಟಂತೆ ನೇರವಾಗಿ ಬರುತ್ತದೆ. ಎಡದಿಂದ ಬಲಕ್ಕೆ ಹರಿಯಹೊರಟರೆ ಎರಡಂಗುಲ ಹೋಗುವುದರೊಳಗೆ ದಾರಿ ತಪ್ಪಿ, ಸೊಟ್ಟಗೆ ತಿರುಗಿ, ಯಾವ ಸುದ್ದಿಯನ್ನು ಉಳಿಸಿಕೊಳ್ಳಬೇಕಿತ್ತೋ ಅದರ ಹೊಟ್ಟೆಯನ್ನೇ ಸೀಳುತ್ತದೆ. ನನ್ನ ಕೈಯೇ ಸರಿಯಿಲ್ಲ ಎಂದು ಬಹಳ ವರ್ಷ ನಂಬಿದ್ದೆ. ತಪ್ಪು ಕೈಯದಲ್ಲ ಎಂದು ತಿಳಿದದ್ದು ಒಂದು ಸಂಕ್ರಾಂತಿಯ ಹಿಂದಿನ ರಾತ್ರಿ, ಅಣ್ಣನ ಮಗಳು ಪುಟ್ಟಿಯ ಜೊತೆ ಕೂತು ಶುಭಾಶಯದ ಕಾರ್ಡು ಮಾಡಿದಾಗ.

ಒಂದು ಕಾಲಕ್ಕೆ ಜನವರಿ ಬಂತೆಂದರೆ ನಮ್ಮ ಊರುಗಳ ಪುಸ್ತಕದ ಅಂಗಡಿಗಳ ಮುಂದೆ ದಾರ ಕಟ್ಟಿ ಸಾಲಾಗಿ ಗ್ರೀಟಿಂಗ್ಸ್ ನೇತುಹಾಕುತ್ತಿದ್ದರು. ಎಳ್ಳುಬೆಲ್ಲದ ಪೊಟ್ಟಣದ ಜೊತೆ ಅದೂ ಕೈಬದಲಾಗುತ್ತಿತ್ತು. ಅದನ್ನು ಮೊಬೈಲು ನುಂಗಿ ಹಾಕಿತು. ಪುಟ್ಟಿಯ ಶಾಲೆಯಲ್ಲಿ ಮಾತ್ರ ‘ಕೈಯಾರೆ ಮಾಡಿದ್ದೇ ತರಬೇಕು’ ಎಂದು ಹೇಳಿ ಕಳಿಸಿದ್ದರು. ಸರಿ, ದಪ್ಪನೆಯ ಚಾರ್ಟು ಹಾಳೆ, ಬಣ್ಣದ ಗ್ಲೇಜ್ ಕಾಗದ, ಚಮಕಿ, ಬಿಳಿ ಗೋಂದು ಎಲ್ಲ ನಡುಮನೆಯ ನೆಲಕ್ಕಿಳಿದವು.

ನಾಲ್ಕು ಕಾರ್ಡು ಕತ್ತರಿಸಿದೆವು. ಮೂರು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಉಳಿದ ಪಟ್ಟಿಯಲ್ಲಿ ಉದ್ದ ಸಾಲಲಿಲ್ಲ. ಹಾಳೆ ದಂಡವಾಗಬಾರದೆಂದು ಅದನ್ನು ಅಡ್ಡಡ್ಡ ಇಟ್ಟು ಕತ್ತರಿಸಿದೆ. ಅಳತೆ ಒಂದೇ, ಬಣ್ಣ ಒಂದೇ, ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲಾಗದು. ಎಲ್ಲವನ್ನೂ ಪುಸ್ತಕದಂತೆ ಮಧ್ಯಕ್ಕೆ ಮಡಿಸಿ, ಮುಖದ ಮೇಲೆಲ್ಲ ಗೋಂದು ಬಳಿದು, ಕಾಗದದ ಕಬ್ಬಿನ ಜಲ್ಲೆ, ಗಾಳಿಪಟ ಅಂಟಿಸಿ, ಮೇಲೆ ಚಮಕಿ ಉದುರಿಸಿ ಶೋಕೇಸಿನ ಮೇಲೆ ಒಣಗಲು ನಿಲ್ಲಿಸಿದೆವು.

ಮಲಗುವ ಹೊತ್ತಿಗೆ ನಾಲ್ಕನೆಯ ಕಾರ್ಡಿನ ಮುಂದಿನ ಹಾಳೆ ಹಿಂದಕ್ಕೆ ವಾಲಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅದೇ ಹಾಳೆ ಮುಂದಕ್ಕೆ ಬಾಗಿ, ನೆಲಕ್ಕೆ ಬಿದ್ದು, ಅರ್ಧ ಚಮಕಿ ಉದುರಿಸಿಕೊಂಡಿತ್ತು. ಎತ್ತಿ ನಿಲ್ಲಿಸಿದರೆ ಮತ್ತೆ ತಲೆ ಬಾಗಿ ಬೀಳುತ್ತದೆ. ಮಡಿಕೆಯ ಮೇಲೆ ಬಣ್ಣ ಸೀಳಿ ಗರಗಸದಂಥ ಬಿಳಿ ಗೆರೆ ಬೇರೆ ಎದ್ದಿತ್ತು. ಉಳಿದ ಮೂರು ಪಾಡಾಗಿ ನಿಂತೇ ಇದ್ದವು.

“ಚಿಕ್ಕಪ್ಪಾ, ಇದೊಂದೇ ಯಾಕೆ ನಮಸ್ಕಾರ ಮಾಡ್ತಿದೆ?” ಎಂದಳು ಪುಟ್ಟಿ.

ಅವಳ ಪ್ರಶ್ನೆ ಒಂದಾದರೂ ಅದರೊಳಗೆ ಮೂರು ಒಗಟುಗಳಿದ್ದವು. ನಾಲ್ಕರಲ್ಲಿ ಇದೊಂದೇ ಯಾಕೆ ಬಿತ್ತು? ರಾತ್ರಿ ಹಿಂದಕ್ಕೆ ವಾಲಿದ್ದು ಬೆಳಿಗ್ಗೆ ಮುಂದಕ್ಕೆ ಹೇಗೆ ಬಂತು? ಮಡಿಕೆ ಯಾಕೆ ಸೀಳಿತು? ಮೂರಕ್ಕೂ ಉತ್ತರ, ದಿನಪತ್ರಿಕೆ ಸೊಟ್ಟಗೆ ಹರಿಯುವುದರಲ್ಲೇ ಇದೆ.

ಹಾಳೆಯಲ್ಲ, ಚಾಪೆ

ಕಾಗದದ ಹಾಳೆಯೊಂದನ್ನು ಅರ್ಧ ಹರಿದು, ಹರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬೆಕ್ಕಿನ ಮೀಸೆಯಂತೆ ಸಣ್ಣ ಸಣ್ಣ ಎಳೆಗಳು ಹೊರಚಾಚಿರುತ್ತವೆ. ಅವು ಮರದ ನಾರುಗಳು. ನೀಲಗಿರಿಯಂಥ ಮರದ್ದಾದರೆ ಒಂದೊಂದು ನಾರೂ ಸುಮಾರು ಒಂದು ಮಿಲಿಮೀಟರ್ ಉದ್ದ, ಪೈನ್ ಜಾತಿಯದ್ದಾದರೆ ಮೂರು ಮಿಲಿಮೀಟರ್. ದಪ್ಪವಂತೂ ನಮ್ಮ ತಲೆಗೂದಲಿಗಿಂತ ಕಡಿಮೆ. ಇಂಥ ಅಸಂಖ್ಯ ನಾರುಗಳನ್ನು ನೀರಿನಲ್ಲಿ ಕದಡಿ, ಜರಡಿಯ ಮೇಲೆ ಸುರಿದು, ನೀರು ಬಸಿದು ಒಣಗಿಸಿದರೆ ಉಳಿಯುವ ತೆಳು ಹಪ್ಪಳವೇ ಕಾಗದ. ಬಟ್ಟೆಯಂತೆ ಇಲ್ಲಿ ಹಾಸುಹೊಕ್ಕಿನ ನೇಯ್ಗೆ ಇಲ್ಲ. ನಾರುಗಳು ಒಂದರ ಮೇಲೊಂದು ಬಿದ್ದು ಕಚ್ಚಿಕೊಂಡಿರುತ್ತವೆ, ಅಷ್ಟೆ.

ಹೇಗೆಂದರೆ ಹಾಗೆ ಬಿದ್ದಿದ್ದರೆ ಹಾಳೆ ಎಲ್ಲ ದಿಕ್ಕಿಗೂ ಒಂದೇ ರೀತಿ ಹರಿಯಬೇಕಿತ್ತು. ಹಾಗಾಗುವುದಿಲ್ಲ. ಹಬ್ಬದ ಊಟದ ಬಾಳೆ ಎಲೆಯನ್ನು ನೆನಪಿಸಿಕೊಳ್ಳಿ. ನಡುದಂಟಿನಿಂದ ಅಂಚಿನ ಕಡೆಗೆ ನರಗಳ ಜಾಡಿನಲ್ಲಿ ಅದು ಗಾಳಿಗೂ ಸೀಳುತ್ತದೆ, ನರಗಳಿಗೆ ಅಡ್ಡವಾಗಿ ಹರಿಯಹೋದರೆ ಜಗ್ಗಾಡಬೇಕು. ಸೌದೆ ಒಡೆಯುವವರು ಕೊಡಲಿಯನ್ನು ತುಂಡಿನ ತಲೆಯ ಮೇಲೆ ಇಳಿಸುವುದೂ ಇದಕ್ಕೇ. ಎಳೆ ಹೋದ ಕಡೆಗೆ ಸೀಳು ಹೋಗುತ್ತದೆ. ಕಾಗದದ ನಾರುಗಳೂ ಹೆಚ್ಚಾಗಿ ಒಂದೇ ಕಡೆಗೆ ಮುಖ ಮಾಡಿ ಮಲಗಿರುತ್ತವೆ. ಎಲ್ಲವೂ ಅಲ್ಲ, ಆದರೆ ಬಹುಪಾಲು. ಆ ದಿಕ್ಕನ್ನು ನಾವು ಎಳೆದಿಕ್ಕು ಎಂದು ಕರೆಯೋಣ. ಅಚ್ಚುಮನೆಯವರ, ಬೈಂಡಿಂಗಿನವರ ಬಾಯಲ್ಲಿ ಅದು ‘ಗ್ರೇನು’.

ಹಾಗಾಗಿ ಕಾಗದವನ್ನು ನಯವಾದ ಹಾಳೆ ಎಂದು ಯೋಚಿಸುವುದನ್ನು ಬಿಟ್ಟು ಜೊಂಡಿನ ಚಾಪೆ ಎಂದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಈ ಚಾಪೆ ಮುಂದೆ ಇನ್ನೂ ಎರಡು ಸಲ ನಮ್ಮ ಕೈಹಿಡಿಯಲಿದೆ.

ನಾರಿಗೆ ದಿಕ್ಕು ತೋರಿಸಿದವರು ಯಾರು?

ಮಲೆನಾಡಿನ ಮನೆಗಳಿಗೆ ಗುಡ್ಡದ ನೀರು ತರಲು ಅಡಿಕೆ ಮರದ ದಬ್ಬೆಗಳನ್ನು ಜೋಡಿಸುತ್ತಿದ್ದರು. ಆ ದಬ್ಬೆಯ ನೀರಿಗೆ ಹುಲ್ಲುಕಡ್ಡಿಯನ್ನು ಹೇಗೇ ಹಾಕಿ, ನಾಲ್ಕು ಮಾರು ಹೋಗುವಷ್ಟರಲ್ಲಿ ಅದು ಹರಿವಿನ ಕಡೆಗೆ ತಿರುಗಿಕೊಂಡು ನೆಟ್ಟಗೆ ಸಾಗುತ್ತದೆ. ಅಡ್ಡ ನಿಂತ ಕಡ್ಡಿಯ ಒಂದು ತುದಿಯನ್ನು ನೀರು ಜೋರಾಗಿ ಎಳೆದರೆ ಇನ್ನೊಂದು ತುದಿ ಹಿಂದುಳಿಯುತ್ತದೆ. ಹಾಗೆ ತಿರುಗುತ್ತಾ ತಿರುಗುತ್ತಾ ಅದು ನೀರಿನ ಸಾಲಿಗೆ ಸೇರಿಕೊಳ್ಳುತ್ತದೆ.

ಕಾಗದದ ಯಂತ್ರದೊಳಗೆ ನಡೆಯುವುದೂ ಇದೇ. ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ ಇರುವ ನಾರಿನ ಗಂಜಿಯನ್ನು, ಓಡುತ್ತಲೇ ಇರುವ ಉದ್ದನೆಯ ಜಾಲರಿಯ ಮೇಲೆ ಚಿಮ್ಮಿಸುತ್ತಾರೆ. ದೊಡ್ಡ ಯಂತ್ರಗಳಲ್ಲಿ ಆ ಜಾಲರಿ ಹೆದ್ದಾರಿಯ ಕಾರಿನ ವೇಗದಲ್ಲಿ ಓಡುತ್ತದೆ. ಚಿಮ್ಮುವ ಗಂಜಿಯ ವೇಗಕ್ಕೂ ಜಾಲರಿಯ ವೇಗಕ್ಕೂ ಸ್ವಲ್ಪ ವ್ಯತ್ಯಾಸವಿದ್ದರೂ ಸಾಕು, ಬಾಚಣಿಗೆಯಲ್ಲಿ ಬಾಚಿದಂತೆ ನಾರುಗಳು ಓಟದ ದಿಕ್ಕಿಗೆ ಮಲಗುತ್ತವೆ. ಆಮೇಲೆ ಬಿಸಿ ಉರುಳೆಗಳ ಮೇಲೆ ಒಣಗುವಾಗಲೂ ಹಾಳೆಯನ್ನು ಅದೇ ದಿಕ್ಕಿಗೆ ಬಿಗಿಯಾಗಿ ಎಳೆದು ಹಿಡಿದಿರುತ್ತಾರೆ. ಒದ್ದೆ ಸೀರೆಯನ್ನು ಇಬ್ಬರು ಎರಡು ತುದಿ ಹಿಡಿದು ಜಗ್ಗಿ ಒಣಗಿಸಿದ ಹಾಗೆ. ಹೀಗೆ ಎರಡೆರಡು ಸಲ ದಿಕ್ಕಿನ ಪಾಠವಾದ ಮೇಲೆ ಕಾಗದ ಅದನ್ನು ಮರೆಯುವುದಿಲ್ಲ.

ಇಂಥ ಯಂತ್ರಕ್ಕೆ 1799ರಲ್ಲಿ ಹಕ್ಕುಪತ್ರ ಪಡೆದವನು ಫ್ರಾನ್ಸಿನ ಲೂಯಿ ನಿಕೊಲಾ ರಾಬೇರ್. ಅದು ಇಂಗ್ಲೆಂಡಿಗೆ ದಾಟಿ, ಬ್ರಯಾನ್ ಡಾಂಕಿನ್ ಎಂಬ ಎಂಜಿನಿಯರನ ಕೈಯಲ್ಲಿ 1803ರ ವೇಳೆಗೆ ಸರಿಯಾಗಿ ಓಡತೊಡಗಿತು. ಹಣ ಹಾಕಿದ ಫೋರ್ಡ್ರಿನಿಯರ್ ಸೋದರರ ಹೆಸರೇ ಯಂತ್ರಕ್ಕೆ ಉಳಿಯಿತು, ಅವರಿಗೆ ಸಿಕ್ಕಿದ್ದು ದಿವಾಳಿ.   ನಮ್ಮಲ್ಲಿ ದಾಂಡೇಲಿಯ ಕಾರ್ಖಾನೆಯಲ್ಲಾಗಲಿ, ಒಂದಾನೊಂದು ಕಾಲಕ್ಕೆ ಪತ್ರಿಕೆಗಳಿಗೆ ಕಾಗದ ಒದಗಿಸುತ್ತಿದ್ದ ಭದ್ರಾವತಿಯ ಕಾರ್ಖಾನೆಯಲ್ಲಾಗಲಿ ಹೊರಬಿದ್ದ ಹಾಳೆಗೂ ಇದೇ ದಿಕ್ಕು, ಇದೇ ಗುಣ. ದಿನಪತ್ರಿಕೆಯ ಮುದ್ರಣಯಂತ್ರಕ್ಕೆ ಕಾಗದದ ಸುರುಳಿಯನ್ನು ಎಳೆದುಕೊಳ್ಳುವಾಗ ಪುಟದ ಉದ್ದ ಸುರುಳಿಯ ಓಟದ ಕಡೆಗೇ ಇರುತ್ತದೆ. ಮೇಲಿನಿಂದ ಕೆಳಕ್ಕೆ ಹರಿದರೆ ನೇರ ಬರುವುದರ ಗುಟ್ಟು ಅಷ್ಟೇ.

ಜರಡಿಯನ್ನು ಕೈಯಲ್ಲೇ ಹಿಡಿದು ಹಿಂದೆ ಮುಂದೆ, ಅತ್ತ ಇತ್ತ ಅಲ್ಲಾಡಿಸಿ ಎತ್ತುವ ಕೈಕಾಗದಕ್ಕೆ ಈ ಹಟ ಬಲು ಕಡಿಮೆ. ಜೈಪುರದ ಪಕ್ಕದ ಸಾಂಗಾನೇರಿನ ಒರಟು ಕಾಗದವನ್ನು ಹರಿದು ನೋಡಿದವರಿಗೆ ಇದು ಗೊತ್ತಾಗುತ್ತದೆ. ಎತ್ತ ಹರಿದರೂ ಸರಿಸುಮಾರು ಒಂದೇ ತೆರನಾದ ಸೊಟ್ಟ. ನನಗೆ ಆ ಸೊಟ್ಟ ಅಂಚೇ ಚೆಂದ.

ಪೊರಕೆಯೊಳಗೆ ಬೆರಳು

ಈಗ ಅಸಲು ವಿಷಯಕ್ಕೆ ಬರೋಣ. ದಿಕ್ಕು ಇದ್ದ ಮಾತ್ರಕ್ಕೆ ಕಾರ್ಡು ಯಾಕೆ ಬಾಗಬೇಕು? ಬಾಗಿಸಿದ್ದು ನೀರು.

ಒಂದು ನಾರನ್ನು ಬಿಡಿಸಿ ನೋಡಲು ಸಾಧ್ಯವಾದರೆ, ಅದೂ ಇಡಿಯಾದ ಕಡ್ಡಿಯಲ್ಲ. ಇನ್ನೂ ಸೂಕ್ಷ್ಮವಾದ ಎಳೆಗಳ ಕಂತೆ. ಸಕ್ಕರೆಯ ಜಾತಿಗೇ ಸೇರಿದ ಕಣಗಳು ಮಣಿಸರದಂತೆ ಕೂಡಿಕೊಂಡು ಸೆಲ್ಯುಲೋಸ್ ಆಗುತ್ತದೆ. ಅಂಥ ಸರಗಳು ಒತ್ತೊತ್ತಾಗಿ ಸೇರಿ ಒಂದು ಸೂಕ್ಷ್ಮ ಎಳೆಯಾಗುತ್ತದೆ. ಆ ಎಳೆಗಳು ಹೆಚ್ಚುಕಡಿಮೆ ನಾರಿನ ಉದ್ದಕ್ಕೇ, ಹಗ್ಗದ ಹುರಿಯಷ್ಟು ಓರೆಯಾಗಿ ಸಾಲುಗಟ್ಟಿರುತ್ತವೆ. ಒಂದು ಎಳೆಯ ಒಳಕ್ಕೆ ನೀರು ಸುಲಭವಾಗಿ ನುಗ್ಗಲಾರದು, ಅಲ್ಲಿ ಸರಗಳ ಹಿಡಿತ ಬಲು ಬಿಗಿ. ಎಳೆ ಎಳೆಯ ನಡುವಿನ ಸಂದಿಗಾದರೆ ಸಲೀಸಾಗಿ ಹೊಗುತ್ತದೆ.

ಅಂಗಳ ಗುಡಿಸುವ ತೆಂಗಿನ ಕಡ್ಡಿ ಪೊರಕೆಯನ್ನು ಕೈಗೆತ್ತಿಕೊಳ್ಳಿ. ಕಡ್ಡಿಗಳ ಸಂದಿಗೆ ಒಂದು ಬೆರಳು ತೂರಿಸಿ. ಇನ್ನೊಂದು ತೂರಿಸಿ. ಪೊರಕೆ ದಪ್ಪವಾಗುತ್ತಾ ಹೋಗುತ್ತದೆ. ಉದ್ದವಾಗುತ್ತದೆಯೇ? ಇಲ್ಲ. ಕಡ್ಡಿಗಳ ಉದ್ದ ಇದ್ದಷ್ಟೇ ಇರುತ್ತದೆ, ಅವುಗಳ ನಡುವಿನ ಅಂತರ ಮಾತ್ರ ಹಿಗ್ಗುತ್ತದೆ. ಒದ್ದೆಯಾದ ನಾರಿನ ಕಥೆಯೂ ಇಷ್ಟೇ. ಚೆನ್ನಾಗಿ ನೆನೆದ ನಾರಿನ ಅಗಲ ಐದನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಗ್ಗುತ್ತದೆ. ಉದ್ದದಲ್ಲಿ ನೂರಕ್ಕೆ ಒಂದೆರಡು ಪಾಲು ಹೆಚ್ಚಿದರೆ ಅದೇ ದೊಡ್ಡದು.

ಒಂದು ನಾರಿಗೆ ಹೀಗಾದರೆ, ಒಂದೇ ದಿಕ್ಕಿಗೆ ಮಲಗಿದ ಸಾವಿರಾರು ನಾರುಗಳ ಹಾಳೆಗೂ ಹೀಗೇ ಆಗಬೇಕು. ಎಳೆದಿಕ್ಕಿನಲ್ಲಿ ಹಾಳೆ ಹೆಚ್ಚು ಬೆಳೆಯುವುದಿಲ್ಲ, ಎಳೆಗೆ ಅಡ್ಡವಾಗಿ ಅದರ ಎರಡು ಮೂರು ಪಟ್ಟಾದರೂ ಬೆಳೆಯುತ್ತದೆ.

ಇದನ್ನು ನೀವು ದಿನವೂ ಕಂಡಿದ್ದೀರಿ, ಕಾಗದದಲ್ಲಿ ಅಲ್ಲ, ಬಾಗಿಲಲ್ಲಿ. ಮಳೆಗಾಲ ಕೂತಿತೆಂದರೆ ಹಳೆಯ ಮರದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು, ಭುಜ ಕೊಟ್ಟು ನೂಕಬೇಕಾಗುತ್ತದೆ. ಆಚಾರ್ರನ್ನು ಕರೆಸಿದರೆ ಅವರು ಉಜ್ಜುಗೊರಡು ಹಿಡಿಯುವುದು ಬಾಗಿಲಿನ ಪಕ್ಕದ ಅಂಚಿಗೆ. ಬಾಗಿಲು ಉದ್ದವಾಯಿತೆಂದು ತಲೆ ಕೊಯ್ದವರನ್ನು ನಾನಂತೂ ಕಂಡಿಲ್ಲ. ಹಲಗೆಯ ಎಳೆ ಮೇಲಿನಿಂದ ಕೆಳಕ್ಕಿರುವುದರಿಂದ ಅದು ಹಿಗ್ಗುವುದು ಅಗಲಕ್ಕೆ. ಚೌಕಟ್ಟಿನಲ್ಲಿ ಸಿಕ್ಕಿಕೊಂಡ ಬಾಗಿಲಿಗೂ ಶೋಕೇಸಿನಿಂದ ಬಿದ್ದ ಕಾರ್ಡಿಗೂ ರೋಗ ಒಂದೇ.

ರಾತ್ರಿ ಹಿಂದಕ್ಕೆ, ಬೆಳಿಗ್ಗೆ ಮುಂದಕ್ಕೆ

ಬಿಳಿ ಗೋಂದು ಎಂದರೆ ನೀರಿನಲ್ಲಿ ಕದಡಿದ ಅಂಟಿನ ಕಣಗಳು. ಮೈದಾ ಅಂಟಾದರೆ ನೀರು ಇನ್ನೂ ಜಾಸ್ತಿ. ಕಾರ್ಡಿನ ಮುಖಕ್ಕೆ ಗೋಂದು ಬಳಿದಾಗ ಮುಖದ ಕಡೆಯ ನಾರುಗಳು ನೀರು ಕುಡಿದು ಉಬ್ಬಿದವು, ಬೆನ್ನಿನ ಕಡೆಯವು ಒಣಗಿಯೇ ಇದ್ದವು. ಒಂದು ಮಗ್ಗುಲು ಬೆಳೆದು ಇನ್ನೊಂದು ಮಗ್ಗುಲು ಇದ್ದಷ್ಟೇ ಇದ್ದರೆ ಹಾಳೆಗೆ ಬೇರೆ ದಾರಿಯಿಲ್ಲ, ಬೆಳೆದ ಮಗ್ಗುಲು ಹೊರಗಾಗುವಂತೆ ಬಾಗಲೇಬೇಕು. ಅದಕ್ಕೇ ರಾತ್ರಿ ಕಾರ್ಡು ಹಿಂದಕ್ಕೆ ವಾಲಿತು.

ನೀರು ಆರಿದ ಮೇಲೆ ಇದ್ದಲ್ಲಿಗೇ ವಾಪಸು ಬರಬೇಕಿತ್ತಲ್ಲ, ಅದನ್ನೂ ದಾಟಿ ಮುಂದಕ್ಕೆ ಹೇಗೆ ಹೋಯಿತು? ಇಲ್ಲಿ ಒದ್ದೆ ನಾರಿನ ಇನ್ನೊಂದು ಗುಣ ಕೆಲಸ ಮಾಡುತ್ತದೆ. ಒದ್ದೆಯಾದಾಗ ಅದು ಮೆತ್ತಗಾಗುತ್ತದೆ. ಚಿಕ್ಕ ಡಬ್ಬಿಯ ತುಂಬ ಅವಲಕ್ಕಿ ತುಂಬಿ ನೀರು ಹೊಯ್ದು ಮುಚ್ಚಳ ಬಿಗಿಯಿರಿ. ಉಬ್ಬಲು ಜಾಗವಿಲ್ಲದೆ ಅವಲಕ್ಕಿ ಒಂದನ್ನೊಂದು ಒತ್ತಿ ಮುದ್ದೆಯಾಗುತ್ತದೆ. ಆಮೇಲೆ ಒಣಗಿಸಿದರೆ ಮೊದಲಿನ ಉದುರು ಅವಲಕ್ಕಿ ಸಿಗುವುದಿಲ್ಲ, ಡಬ್ಬಿಗಿಂತ ಚಿಕ್ಕದಾದ ಗಟ್ಟಿ ಉಂಡೆ ಸಿಗುತ್ತದೆ. ಕಾರ್ಡಿನ ಮುಖದ ನಾರುಗಳೂ ಹಿಗ್ಗಲು ನೋಡಿದವು. ಬೆನ್ನಿನ ಒಣ ನಾರುಗಳು ಬಿಡಲಿಲ್ಲ. ಹೀಗೆ ಇಕ್ಕಟ್ಟಿನಲ್ಲಿ ಉಬ್ಬಿದವು ಅಮುಕಿಕೊಂಡವು. ಬೆಳಗಿನ ಹೊತ್ತಿಗೆ ನೀರು ಆರಿದಾಗ ಅಮುಕಿದ ಆಕಾರದಿಂದಲೇ ಕುಗ್ಗಿ ಮೊದಲಿಗಿಂತ ಗಿಡ್ಡವಾದವು. ಮೇಲಿನ ಗೋಂದಿನ ಪೊರೆಯೂ ಒಣಗುತ್ತಾ ಬಿಗಿದುಕೊಂಡಿತು. ಎರಡೂ ಸೇರಿ ಕಾರ್ಡನ್ನು ಮುಂದಕ್ಕೆ ಎಳೆದವು.

ಗೋಂದು ನಾಲ್ಕಕ್ಕೂ ಬಿದ್ದಿತ್ತು. ಹಾಗಾದರೆ ನಾಲ್ಕೂ ಬಾಗಿರಬೇಕಲ್ಲ? ಬಾಗಿದ್ದವು! ನಾವು ನೋಡಿರಲಿಲ್ಲ. ಚಾಪೆ ಮತ್ತೆ ಬಂತು. ಜೊಂಡಿನ ಚಾಪೆ ಜೊಂಡುಗಳು ನೆಟ್ಟಗೆ ಉಳಿಯುವ ಹಾಗೆಯೇ ಸುರುಳಿಯಾಗುತ್ತದೆ. ಕಡ್ಡಿಗಳನ್ನೇ ಬಗ್ಗಿಸಿ ಸುತ್ತಲು ಹೋದರೆ ಒಪ್ಪುವುದಿಲ್ಲ. ಕಾಗದವೂ ಎಳೆಗಳನ್ನು ನೆಟ್ಟಗೆ ಇಟ್ಟುಕೊಂಡೇ ಬಾಗುತ್ತದೆ, ಹಿಗ್ಗುವ ಕುಗ್ಗುವ ಕೆಲಸವೆಲ್ಲ ಅಡ್ಡದಿಕ್ಕಿನಲ್ಲೇ ಹೆಚ್ಚಾದ್ದರಿಂದ.

ಮೊದಲ ಮೂರು ಕಾರ್ಡುಗಳಲ್ಲಿ ಎಳೆ ನಿಂತಿತ್ತು, ಮಡಿಕೆಯ ಜೊತೆಗೇ ಮೇಲಿನಿಂದ ಕೆಳಕ್ಕೆ. ಅವು ಅರ್ಧ ಸೀಳಿದ ಬಿದಿರಿನ ಕೊಳವೆಯಂತೆ ಎಡಬಲಕ್ಕೆ ಸ್ವಲ್ಪ ಬಾಗಿದವು. ಇದರಿಂದ ತಳದ ಅಂಚು ಕಮಾನಾಗಿ ಇನ್ನಷ್ಟು ಗಟ್ಟಿಯಾಗಿ ನಿಂತವು. ಸುತ್ತಿದ ಚಾಪೆಯನ್ನು ಮೂಲೆಯಲ್ಲಿ ನಿಲ್ಲಿಸುತ್ತೇವಲ್ಲ, ಹಾಗೆ. ನಾಲ್ಕನೆಯದರಲ್ಲಿ ಎಳೆ ಅಡ್ಡ ಮಲಗಿತ್ತು. ಅದು ಮೇಲಿನಿಂದ ಕೆಳಕ್ಕೆ ಬಾಗಿತು. ಮಡಿಕೆಯ ಹತ್ತಿರ ಮಡಿಕೆಯೇ ಊರುಗೋಲಾಗಿ ತಡೆದರೂ ಹೊರ ಅಂಚಿನ ಕಡೆ ತಡೆಯುವವರಿರಲಿಲ್ಲ. ಕಬ್ಬಿನ ಜಲ್ಲೆ, ಗಾಳಿಪಟಗಳ ಭಾರವೂ ಸೇರಿ ತಲೆ ಮುಂದಕ್ಕೆ ಬಂತು.

ಮಡಿಕೆಯ ಬಿಳಿ ಗೆರೆ

ಮಡಿಕೆ ಸೀಳಿದ್ದಕ್ಕೆ ಹೊಸ ವಿವರಣೆ ಬೇಕಿಲ್ಲ. ಎಳೆಯ ಗುಂಟ ಮಡಿಸುವುದೆಂದರೆ ಚಾಪೆಯ ಎರಡು ಜೊಂಡುಗಳ ನಡುವೆ ಮಡಿಸಿದಂತೆ. ಎಳೆಗೆ ಅಡ್ಡ ಮಡಿಸುವುದೆಂದರೆ ಒಂದೊಂದು ಜೊಂಡನ್ನೂ ಲಟ್ಟನೆ ಮುರಿದಂತೆ. ಮುರಿದ ನಾರುಗಳು ಮೇಲಿನ ಬಣ್ಣದ ಪದರವನ್ನು ಒಡೆದುಕೊಂಡು ಹೊರಗಿಣುಕುತ್ತವೆ. ಅಗ್ಗಕ್ಕೆ ಅಚ್ಚು ಹಾಕಿಸಿದ ಕೆಂಪು, ಮೆರೂನು ಲಗ್ನಪತ್ರಿಕೆಗಳ ಮಡಿಕೆಯಲ್ಲಿ ಈ ಬಿಳಿ ಗೆರೆಯನ್ನು ಎಷ್ಟೋ ಸಲ ನೋಡಿದ್ದೇನೆ. ಹಾಳೆ ಉಳಿಸಲು ನನ್ನಂತೆಯೇ ಯಾರೋ ಅಡ್ಡ ಇಟ್ಟು ಕತ್ತರಿಸಿರುತ್ತಾರೆ.

ಮಡಿಸುವ ಮುನ್ನ ಗೀರು ಎಳೆಯುವುದು ಎಳೆ ಹೇಗೇ ಇರಲಿ ಒಳ್ಳೆಯದು. ಮುಗಿದುಹೋದ ಬಾಲ್ ಪೆನ್ನಿನ ತುದಿ ಸಾಕು. ಸ್ಕೇಲಿಟ್ಟು ಒತ್ತಿ ಎಳೆದರೆ ಆ ಜಾಗದಲ್ಲಿ ಕಾಗದದ ಪದರಗಳು ಒಂದರಿಂದೊಂದು ಸಡಿಲವಾಗುತ್ತವೆ. ಒಂದೇ ದಪ್ಪ ಹಲಗೆಗಿಂತ ಹತ್ತು ತೆಳು ಹಾಳೆಗಳು ಸುಲಭವಾಗಿ ಮಡಚಿಕೊಳ್ಳುವುದಿಲ್ಲವೇ? ಬಹುತೇಕರು ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಗೀರಿನ ಹಳ್ಳ ಕಂಡ ಕೂಡಲೇ ಹಳ್ಳವನ್ನು ಒಳಗಿಟ್ಟು ಮಡಿಸುತ್ತಾರೆ. ಅದು ತಿರುಗಾಮುರುಗಾ. ಹಳ್ಳ ಹೊರಗಿರಬೇಕು, ಹಿಂಬದಿಯಲ್ಲಿ ಎದ್ದ ಏಣು ಒಳಗೆ ಹೋಗಬೇಕು. ಸಡಿಲವಾದ ಪದರಗಳು ಒಳಕ್ಕೆ ಉಬ್ಬಿ ಕೂರಲು ಆಗ ಜಾಗ ಸಿಗುತ್ತದೆ, ಹೊರಮೈ ಹೆಚ್ಚು ಹಿಗ್ಗಬೇಕಾಗುವುದಿಲ್ಲ.

ದಿಕ್ಕು ಕಂಡುಹಿಡಿಯುವ ಆಟ

ಕತ್ತರಿ ಹಾಕುವ ಮುಂಚೆ ಎಳೆದಿಕ್ಕು ತಿಳಿಯಲು ಹಾಳೆಯನ್ನು ಹರಿಯಬೇಕೆಂದೇನೂ ಇಲ್ಲ. ಮಡಿಕೆ ಬೀಳದಂತೆ ಮೆಲ್ಲನೆ ಬಗ್ಗಿಸಿ ಅಂಗೈಯಿಂದ ಒತ್ತಿ ನೋಡಿ. ಒಂದು ಕಡೆಗೆ ಬಗ್ಗಿಸುವಾಗ ಅದು ಪುಟಿದು ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಇನ್ನೊಂದು ಕಡೆಗೆ ಬಗ್ಗಿಸುವಾಗ ಮೆತ್ತಗೆ ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡಾಗ ಬಾಗಿನ ಬೆನ್ನುಹುರಿ ಎತ್ತ ಇದೆಯೋ ಎಳೆಯೂ ಅತ್ತಲೇ. ತೆಳು ಗ್ಲೇಜ್ ಕಾಗದಕ್ಕೆ ಇನ್ನೊಂದು ಉಪಾಯ: ಚಿಕ್ಕ ಚೌಕ ಕತ್ತರಿಸಿ ಒಂದೇ ಮಗ್ಗುಲಿಗೆ, ಹೊಳಪಿಲ್ಲದ ಕಡೆ, ಒದ್ದೆ ಬೆರಳು ಸವರಿ. ಕ್ಷಣದಲ್ಲಿ ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆ ಹೇಗೆ ಮಲಗಿದೆಯೋ ಎಳೆಯೂ ಹಾಗೇ.

ದಿಕ್ಕು ತಿಳಿದ ಮೇಲೆ ಮಡಿಕೆಗೆ ಸಮಾನಾಂತರವಾಗಿ ಎಳೆ ಬರುವಂತೆ ಕಾರ್ಡು ಕತ್ತರಿಸಬೇಕು. ಮೇಲೆ ದೊಡ್ಡ ಬಣ್ಣದ ಕಾಗದ ಅಂಟಿಸುವುದಿದ್ದರೆ ಅದರ ಎಳೆಯೂ ಅದೇ ಕಡೆಗೆ. ಅಂಟಿಸಿದ ಕಾಗದ ಎಳೆಯುವಷ್ಟೇ ಬಲದಿಂದ ಹಿಂದಿನಿಂದಲೂ ಎಳೆಯಲು ಒಳಬದಿಗೆ ಅಂಥದೇ ಇನ್ನೊಂದು ಹಾಳೆ ಅಂಟಿಸುವುದು ಬೈಂಡಿಂಗಿನವರ ಹಳೆಯ ಜಾಣತನ. ಶುಭಾಶಯ ಬರೆಯಲು ಬಿಳಿ ಜಾಗವೂ ಆಯಿತು. ಹಾಳೆಯ ಮೇಲೆ ಹಾಳೆ ಅಂಟಿಸಿದ್ದಾದರೆ ನಾಲ್ಕು ದಪ್ಪ ನಿಘಂಟುಗಳ ಕೆಳಗೆ ರಾತ್ರಿಯಿಡೀ ಒಣಗಿಸಬಹುದು. ಚಮಕಿ ಕಾರ್ಡಿಗೆ ಇದು ನಡೆಯದು, ಚಮಕಿಯೆಲ್ಲ ನಿಘಂಟಿಗೆ ಹೋಗುತ್ತದೆ. ಅಲ್ಲಿ ಗೋಂದನ್ನೇ ಕಡಿಮೆ ಮಾಡಿ, ಬೇಕಾದ ಕಡೆ ಮಾತ್ರ ಚುಕ್ಕೆಯಿಡಬೇಕು. ಎರಡೂ ಕಡೆ ಅಂಟುವ ಟೇಪು ಬಳಸಿದರೆ ನೀರಿನ ಗೋಜೇ ಇಲ್ಲ. ಆದರೆ ಸೊಟ್ಟ ಅಂಟಿದ್ದನ್ನು ಸರಿಸಲು ಅದು ಬಿಡುವುದಿಲ್ಲ, ಪುಟ್ಟಿಯಂಥವರಿಗೆ ಗೋಂದೇ ವಾಸಿ.

ಐದನೆಯ ಕಾರ್ಡನ್ನು ಸರಿಯಾದ ದಿಕ್ಕಿಗೆ ಕತ್ತರಿಸಿ ಶಾಲೆಗೆ ಕಳಿಸಿದ್ದಾಯಿತು. ನಮಸ್ಕಾರದ ಕಾರ್ಡನ್ನು ಎಸೆಯಲು ಪುಟ್ಟಿ ಒಪ್ಪಲಿಲ್ಲ. ಗೋಡೆಗೆ ಒರಗಿಸಿ ಇಟ್ಟುಕೊಂಡಳು. ಒಂದು ವಾರದ ಮಟ್ಟಿಗೆ ಮನೆಯ ಕಾಗದವೆಲ್ಲ ಅವಳ ಪರೀಕ್ಷೆಗೆ ಒಳಗಾಯಿತು: ರಫ್ ನೋಟು, ಕಳೆದ ವರ್ಷದ ಕ್ಯಾಲೆಂಡರು, ಎಳ್ಳುಬೆಲ್ಲ ಕಟ್ಟಿದ ಪೊಟ್ಟಣ. ಶನಿವಾರ ಅತ್ತಿಗೆ ಕರೆಂಟು ಬಿಲ್ಲು ಕಟ್ಟಲು ಹುಡುಕಿದರು. ಸಿಕ್ಕಿತು, ಸ್ವಲ್ಪ ಚಿಕ್ಕದಾಗಿ. ಅದರ ಒಂದು ಅಂಚು ಸ್ಕೇಲಿಟ್ಟಷ್ಟು ನೇರ ಹರಿದಿತ್ತು. ಇನ್ನೊಂದು ಸೊಟ್ಟಗೆ ತಿರುಗಿ ಕಟ್ಟಬೇಕಾದ ಮೊತ್ತದ ಮೊದಲ ಅಂಕಿಯನ್ನು ಜೊತೆಗೆ ಕರೆದುಕೊಂಡು ಹೋಗಿತ್ತು.